ಮಧ್ಯಾಹ್ನ ಪರದೆ ಕಪ್ಪಾಗುತ್ತಿತ್ತು, ಈಗ 30 ಅಂತ ಮಿನುಗುತ್ತಿದೆ: ಡಿಸ್ಪ್ಲೇ ಬದಲಿಸಲೇಬೇಕಾ?

ಬಿಸಿಲೂರು ಸವಾರ (ರಾಯಚೂರು), ಭಾನುವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನನ್ನ ಎಲೆಕ್ಟ್ರಿಕ್ ಸೈಕಲ್ ಬಗ್ಗೆ ಸ್ವಲ್ಪ ದಾರಿ ತೋರಿಸಿ. 36 ವೋಲ್ಟ್ ಬ್ಯಾಟರಿ, ಹಿಂದಿನ ಗಾಲಿಯಲ್ಲಿ 250 ವ್ಯಾಟ್ ಹಬ್ ಮೋಟರ್, ಹ್ಯಾಂಡಲ್ ಮೇಲೆ ಐದು ವೈರಿನ ಎಲ್‌ಸಿಡಿ ಡಿಸ್ಪ್ಲೇ. ಮನೆ ಯರಮರಸ್ ಕಡೆ, ಕೆಲಸ ಗಂಜ್ ಹತ್ತಿರ ಔಷಧಿ ಅಂಗಡಿಯಲ್ಲಿ. ದಿನಾ ಹೋಗಿ ಬರುವುದು ಇದರಲ್ಲೇ. ಎರಡು ವರ್ಷ ಏನೂ ತೊಂದರೆ ಕೊಟ್ಟಿರಲಿಲ್ಲ.

ಏಪ್ರಿಲ್‌ನಿಂದ ಶುರುವಾಯಿತು. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದರೆ ಪರದೆ ಪೂರ್ತಿ ಕಪ್ಪು. ಮಸಿ ಬಳಿದ ಹಾಗೆ. ಅಂಕಿ ಒಂದೂ ಕಾಣುವುದಿಲ್ಲ. ಆದರೆ ಬಟನ್ ಒತ್ತಿ ಪೆಡಲ್ ತುಳಿದರೆ ಮೋಟರ್ ಎಳೆಯುತ್ತದೆ. ಸಂಜೆ ಹೊತ್ತಿಗೆ ಪರದೆ ತಾನಾಗೇ ಸರಿ.

ಹೋದ ವಾರ ಧೂಳು ಜಾಸ್ತಿಯಾಗಿದೆ ಅಂತ ವಾಟರ್ ವಾಶ್ ಮಾಡಿಸಿದೆ. ಎರಡು ದಿನ ಬಿಟ್ಟು ಪರದೆ ಮೇಲೆ 30 ಅಂತ ಮಿನುಗಲು ಶುರು. ಮೊದಲು ಹ್ಯಾಂಡಲ್ ತಿರುಗಿಸಿದಾಗ ಬಂದು ಹೋಗುತ್ತಿತ್ತು. ಈಗ ಹೋಗುವುದೇ ಇಲ್ಲ. ಪರದೆ ಉರಿಯುತ್ತದೆ, ಬಟನ್ ಕೆಲಸ ಮಾಡುತ್ತದೆ, ಮೋಟರ್ ಮಾತ್ರ ಅಲ್ಲಾಡುವುದಿಲ್ಲ.

ತೋರಿಸಿದ ಕಡೆ ಡಿಸ್ಪ್ಲೇ, ಕಂಟ್ರೋಲರ್ (ಮೋಟರ್‌ಗೆ ಎಷ್ಟು ಕರೆಂಟ್ ಅಂತ ಹತೋಟಿ ಮಾಡುವ ಡಬ್ಬಿ) ಎರಡೂ ಹಾಕಿಸಿ ಅಂದರು. ಬಿಚ್ಚಿ ನೋಡಲಿಲ್ಲ, ವೋಲ್ಟೇಜ್ ಅಳೆಯುವ ಮೀಟರ್ ಹಿಡಿಯಲಿಲ್ಲ. ಹೇಳಿದ ದುಡ್ಡು ನನ್ನ ಅರ್ಧ ತಿಂಗಳ ಸಂಬಳ. ನಾಲ್ಕು ದಿನದಿಂದ ಆಟೋದಲ್ಲಿ ಓಡಾಡುತ್ತಿದ್ದೇನೆ. ಮೊದಲು ಏನು ನೋಡಬೇಕು, ಹೇಳಿ.

ಗಂಗಾವತಿ ಗದ್ದೆ, ಭಾನುವಾರ ರಾತ್ರಿ 9:48

ಅಣ್ಣ, ಒಳಗೆ ನೀರು ಹೋಗಿದೆ. ಡಿಸ್ಪ್ಲೇ ಬಿಚ್ಚಿ ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಡಿ. ನಮ್ಮ ಮನೆಯಲ್ಲಿ ಮೊಬೈಲ್ ಹಾಗೇ ಉಳಿಸಿದ್ದೆವು.

ಇನ್ನೊಂದು ದಾರಿ ಇದೆ. ಡಿಸ್ಪ್ಲೇ ತೆಗೆದು ವೈರಿನ ಕಡೆ ಕೆಂಪು, ನೀಲಿ ಎರಡನ್ನೂ ಸೇರಿಸಿದರೆ ಕಂಟ್ರೋಲರ್ ಎಚ್ಚರ ಆಗುತ್ತದೆ. ವಿಡಿಯೋದಲ್ಲಿ ನೋಡಿದ್ದೇನೆ. ಆಗ ಮೋಟರ್ ತಿರುಗಿದರೆ ಡಿಸ್ಪ್ಲೇನೇ ಹೋಗಿದೆ ಅಂತ ಗೊತ್ತಾಗುತ್ತದೆ.

ಕೌಲ್ ಬಜಾರ್ ವೈರಿಂಗ್ (ಬಳ್ಳಾರಿ), ಭಾನುವಾರ ರಾತ್ರಿ 10:15

ಕೆಂಪು-ನೀಲಿ ಸೇರಿಸುವ ಕೆಲಸಕ್ಕೆ ಈಗಲೇ ಕೈ ಹಾಕಬೇಡಿ. ಗಂಗಾವತಿ ತಮ್ಮ ಹೇಳಿದ್ದು ಸುಳ್ಳಲ್ಲ. ಎಷ್ಟೋ ಗಾಡಿಗಳಲ್ಲಿ ಅದು ನಡೆಯುತ್ತದೆ. ಆದರೆ ಆ ಪ್ಲಗ್ ಕಿರುಬೆರಳಿಗಿಂತ ಸಣ್ಣದು. ಐದು ಪಿನ್ ಒಂದಕ್ಕೊಂದು ಅಂಟಿಕೊಂಡ ಹಾಗೆ ಕೂತಿರುತ್ತವೆ. ಕೆಂಪಿನಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಇರುತ್ತದೆ, ಫುಲ್ ಚಾರ್ಜ್ ಆಗಿದ್ದರೆ 42. ಪಕ್ಕದ ಹಸಿರು, ಹಳದಿ ವೈರ್ ಡೇಟಾ ಲೈನ್. ಅವು 5 ವೋಲ್ಟ್ ಒಳಗಿನವು. ಕೈ ಒಂದು ಕೂದಲೆಳೆ ಜಾರಿ 42 ವೋಲ್ಟ್ ಅಲ್ಲಿಗೆ ಹೋದರೆ ಕಂಟ್ರೋಲರ್ ಚಿಪ್ ಸುಟ್ಟಿತು ಅಂತಲೇ ಲೆಕ್ಕ. ಹಾಗೆ ಸುಟ್ಟುಕೊಂಡು ಬಂದ ಗಾಡಿ ನಾನು ಬಿಚ್ಚಿ ನೋಡಿದ್ದೇನೆ. ನೂರು ರೂಪಾಯಿ ಕೆಲಸ ಸಾವಿರಗಳಿಗೆ ಹೋಗಿತ್ತು. ಆ ಹುಡುಗನ ಮುಖ ಇನ್ನೂ ಕಣ್ಣ ಮುಂದೆ ಇದೆ.

ನಾನು ಇ-ರಿಕ್ಷಾ, ಆಟೋ ವೈರಿಂಗ್ ಮಾಡುವವನು. ಸೈಕಲ್‌ಗಳೂ ಈಗ ಬರುತ್ತವೆ. ನನ್ನ ಕೈಗೆ "ಡಿಸ್ಪ್ಲೇ ಹೋಗಿದೆ" ಅಂತ ಬರುವ ಗಾಡಿಗಳಲ್ಲಿ ಜಾಸ್ತಿ ವೈರಿಂದೇ ದೋಷ. ಡಿಸ್ಪ್ಲೇ ಪಾಪ, ಸುದ್ದಿ ಹೇಳುತ್ತಿರುತ್ತದೆ ಅಷ್ಟೇ. ಹ್ಯಾಂಡಲ್ ತಿರುಗಿಸಿದಾಗ ಬಂದು ಹೋಗುತ್ತಿತ್ತು ಅಂದಿರಲ್ಲ, ನನಗೆ ಆ ಮಾತೇ ಮುಖ್ಯ ಅನ್ನಿಸಿತು.

ಐಟಿಐ ಮಾಸ್ತರ (ಕೊಪ್ಪಳ), ಸೋಮವಾರ ಬೆಳಿಗ್ಗೆ 6:40

ನಿಮ್ಮ ಗಾಡಿಗೆ ಎರಡು ಬೇರೆ ಬೇರೆ ಕಾಯಿಲೆ ಇವೆ. ಒಂದೇ ಅಂದುಕೊಂಡದ್ದರಿಂದ ಗೊಂದಲ ಆಗಿದೆ. ಮೊದಲು ಬಿಸಿಲಿನದು ಹೇಳಿಬಿಡುತ್ತೇನೆ.

ಎಲ್‌ಸಿಡಿ ಪರದೆಯಲ್ಲಿ ಎರಡು ಗಾಜಿನ ನಡುವೆ ದ್ರವ ಹರಳು ಇರುತ್ತದೆ. ಮೇಲೆ ಕೆಳಗೆ ಒಂದೊಂದು ಪೋಲರೈಸರ್ ಹಾಳೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ. ಆ ಹರಳಿನ ಕಣಗಳು ಸಾಲಾಗಿ ತಿರುಚಿಕೊಂಡು ನಿಂತಿರುತ್ತವೆ. ಬೆಳಕನ್ನೂ ಹಾಗೇ ತಿರುಗಿಸಿ ಎರಡನೇ ಹಾಳೆಯಿಂದ ಆಚೆ ಕಳಿಸುತ್ತವೆ. ತುಂಬಾ ಕಾದಾಗ ಆ ಸಾಲು ಕದಡಿ ಹೋಗುತ್ತದೆ, ಬರೀ ನೀರಿನ ಹಾಗೆ ಆಗುತ್ತದೆ. ಬೆಳಕು ತಿರುಗುವುದಿಲ್ಲ, ಎರಡನೇ ಹಾಳೆ ಅದನ್ನು ತಡೆಯುತ್ತದೆ. ನಮ್ಮ ಕಣ್ಣಿಗೆ ಕಪ್ಪು. ತಣ್ಣಗಾದ ಮೇಲೆ ಕಣಗಳು ಮತ್ತೆ ಸಾಲಿಗೆ ಬರುತ್ತವೆ, ಅಂಕಿ ಕಾಣುತ್ತದೆ.

ರಾಯಚೂರಿನ ಮೇ ತಿಂಗಳ ಬಿಸಿಲು ಹೇಳಬೇಕಾಗಿಲ್ಲ, ಅಲ್ವಾ? ಗಾಳಿಯೇ 42, 43 ಡಿಗ್ರಿ ಇದ್ದಾಗ ಬಿಸಿಲಲ್ಲಿ ನಿಂತ ಕಪ್ಪು ಪ್ಲಾಸ್ಟಿಕ್ ಡಬ್ಬಿ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಸಾಮಾನ್ಯ ಎಲ್‌ಸಿಡಿ ತಡೆಯುವುದು 50ರಿಂದ 60 ಡಿಗ್ರಿವರೆಗೆ ಮಾತ್ರ. ಹಾಗಾಗಿ ಕಪ್ಪಾಗಿದ್ದು ಕೆಟ್ಟು ಹೋಗಿದ್ದಕ್ಕಲ್ಲ. ಆದರೆ ದಿನಾ ಹೀಗೇ ಕಾದರೆ ಪೋಲರೈಸರ್ ಹಾಳೆ ಹಳದಿಯಾಗಿ, ಕಲೆ ಬಿದ್ದು, ನಿಜವಾಗಿಯೂ ಹಾಳಾಗುತ್ತದೆ. ನೆರಳಲ್ಲಿ ನಿಲ್ಲಿಸಿ. ನೆರಳು ಸಿಗದಿದ್ದರೆ ಬಿಳಿ ಬಟ್ಟೆಯ ಟೋಪಿ ಹೊಲಿಸಿ ಡಿಸ್ಪ್ಲೇ ಮೇಲೆ ಹಾಕಿ. ತಣ್ಣೀರು ಮಾತ್ರ ಸುರಿಯಬೇಡಿ. ಕಾದ ಗಾಜು ಬಿರುಕು ಬಿಡಬಹುದು.

ಇನ್ನು 30. ಬಹಳಷ್ಟು ಡಿಸ್ಪ್ಲೇಗಳಲ್ಲಿ 30 ಅಂದರೆ ಡಿಸ್ಪ್ಲೇ ಮತ್ತು ಕಂಟ್ರೋಲರ್ ನಡುವೆ ಮಾತುಕತೆ ನಿಂತಿದೆ ಅಂತ. ಕೆಲವು ಕಂಪನಿಯವರು ಇದೇ ದೋಷಕ್ಕೆ 10 ಅಂತ ಕೊಟ್ಟಿರುತ್ತಾರೆ. ಆದ್ದರಿಂದ ನಿಮ್ಮ ಗಾಡಿಯ ಪುಸ್ತಕದಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಮೀಟರ್ ಇದೆಯಾ ನಿಮ್ಮ ಹತ್ತಿರ?

ಅಕ್ಕಿ ವಿಷಯ. ಗಂಗಾವತಿಯವರು ಅಕ್ಕಿಯನ್ನು ನಂಬುವುದು ಸಹಜ. ಆದರೆ ಅಕ್ಕಿ ತೇವವನ್ನು ಅಷ್ಟಾಗಿ ಎಳೆಯುವುದಿಲ್ಲ, ಅದರ ಹಿಟ್ಟು ಪ್ಲಗ್ ಒಳಗೆ ಸೇರುತ್ತದೆ. ಹೊಸ ಚಪ್ಪಲಿ, ಬ್ಯಾಗ್ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಸೇರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಒಳ್ಳೆಯದು.

ಬಿಸಿಲೂರು ಸವಾರ, ಸೋಮವಾರ ಬೆಳಿಗ್ಗೆ 7:30

ಸರ್, ಕಪ್ಪಾಗುವುದಕ್ಕೆ ಕಾರಣ ಗೊತ್ತಾಗಿ ಅರ್ಧ ಭಾರ ಇಳಿಯಿತು. ಪುಸ್ತಕ ಸಿಕ್ಕಿತು. 30 ಅಂದರೆ ಸಂವಹನ ದೋಷ ಅಂತಲೇ ಇದೆ. ಮೀಟರ್ ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹತ್ತಿರ ಇದೆ, ಸಂಜೆ ಕೊಡುತ್ತಾರಂತೆ. ಏನೇನು ಅಳೆಯಬೇಕು?

ಗಿಣಿಗೇರಾ ಟೀಚರ್ (ಕೊಪ್ಪಳ), ಸೋಮವಾರ ಬೆಳಿಗ್ಗೆ 8:05

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಸೈಕಲ್‌ನಲ್ಲಿ 21 ಅಂತ ಬರುತ್ತಿದೆ. ವೇಗ ಸೊನ್ನೆ. ಸ್ವಲ್ಪ ದೂರ ಹೋದ ಮೇಲೆ ಮೋಟರ್ ನಿಲ್ಲುತ್ತದೆ. ನನ್ನದು ಪೆಡಲ್ ಹತ್ತಿರ ಮೋಟರ್ ಇರುವ ಗಾಡಿ. ಇದೂ ವೈರಿನ ದೋಷವೇ?

ಐಟಿಐ ಮಾಸ್ತರ, ಸೋಮವಾರ ಬೆಳಿಗ್ಗೆ 8:20

ಅಕ್ಕಾರೇ, 21 ಎಲ್ಲ ಗಾಡಿಗೂ ಒಂದೇ ಅಲ್ಲ. ಒಂದು ಕಂಪನಿಯಲ್ಲಿ ಸ್ಪೀಡ್ ಸೆನ್ಸರ್, ಇನ್ನೊಂದರಲ್ಲಿ ಕರೆಂಟ್ ಏರುಪೇರು. ನಿಮ್ಮದರಲ್ಲಿ ವೇಗವೂ ಸೊನ್ನೆ, ಮೋಟರ್ ಪೆಡಲ್ ಹತ್ತಿರ ಇದೆ ಅಂದರೆ ಸ್ಪೀಡ್ ಸೆನ್ಸರ್ ಇರಬೇಕು. ಹಿಂದಿನ ಗಾಲಿಯ ಕಡ್ಡಿಗೆ ಒಂದು ಸಣ್ಣ ಅಯಸ್ಕಾಂತ, ಅದರ ಎದುರು ಚೌಕಟ್ಟಿಗೆ ಸೆನ್ಸರ್ ಇರುತ್ತದೆ. ಅಯಸ್ಕಾಂತ ಜಾರಿದೆಯಾ ನೋಡಿ. ಎರಡರ ನಡುವೆ 5 ಮಿಲಿಮೀಟರ್‌ಗಿಂತ ಜಾಸ್ತಿ ಅಂತರ ಬೇಡ. ಮುಟ್ಟಬಾರದು, ದೂರವೂ ಇರಬಾರದು. ನಿಮ್ಮ ಕಡೆ ಕಾರ್ಖಾನೆಯ ಕಪ್ಪು ಪುಡಿ ಜಾಸ್ತಿ. ಅದರಲ್ಲಿ ಕಬ್ಬಿಣ ಇದ್ದರೆ ಅಯಸ್ಕಾಂತಕ್ಕೆ ಗಡ್ಡದ ಹಾಗೆ ಅಂಟಿಕೊಂಡಿರುತ್ತದೆ. ಬಟ್ಟೆಯಲ್ಲಿ ಒರೆಸಿ.

ಗಿಣಿಗೇರಾ ಟೀಚರ್, ಸೋಮವಾರ ಮಧ್ಯಾಹ್ನ 1:10

ಸರ್, ನಿಜವಾಗಿಯೂ ಗಡ್ಡವೇ ಇತ್ತು! ಅಯಸ್ಕಾಂತವೂ ಕಡ್ಡಿಯ ಮೇಲೆ ಎರಡು ಬೆರಳಿನಷ್ಟು ಕೆಳಗೆ ಜಾರಿತ್ತು. ಶಾಲೆಯ ಲ್ಯಾಬ್‌ನ ಸ್ಕ್ರೂಡ್ರೈವರ್ ತಂದು ಸರಿ ಮಾಡಿದೆ. ಹತ್ತನೇ ತರಗತಿ ಮಕ್ಕಳು ಸುತ್ತ ನಿಂತು ನೋಡಿದರು. ವೇಗ ಬಂತು, 21 ಹೋಯಿತು. ತುಂಬಾ ಥ್ಯಾಂಕ್ಸ್.

ಕೌಲ್ ಬಜಾರ್ ವೈರಿಂಗ್, ಸೋಮವಾರ ಮಧ್ಯಾಹ್ನ 2:30

ರಾಯಚೂರು ಅಣ್ಣ, ಸಂಜೆ ಮೀಟರ್ ಬಂದ ಮೇಲೆ ಹೀಗೆ ಮಾಡಿ.

ಮೊದಲು ಬ್ಯಾಟರಿ ತೆಗೆಯಿರಿ. ತೆಗೆದ ಮೇಲೆ ಡಿಸ್ಪ್ಲೇ ಬಟನ್ ಒಂದೆರಡು ಸಲ ಒತ್ತಿ ಹಿಡಿಯಿರಿ. ಕಂಟ್ರೋಲರ್ ಕೆಪಾಸಿಟರ್‌ನಲ್ಲಿ ಉಳಿದ ಚಾರ್ಜ್ ಇಳಿಯುತ್ತದೆ. ಆಮೇಲೆ ಡಿಸ್ಪ್ಲೇ ಪ್ಲಗ್ ಬಿಚ್ಚಿ. ಅದು ದುಂಡಗಿನ ನೀರು ತಡೆಯುವ ಪ್ಲಗ್. ತಿರುಗಿಸಿ ಬಿಚ್ಚುವಂಥದ್ದಲ್ಲ, ನೇರವಾಗಿ ಎಳೆಯಬೇಕು. ತಿರುಗಿಸಿದರೆ ಒಳಗಿನ ಪಿನ್ ಬಾಗುತ್ತವೆ. ವಾಪಸ್ ಹಾಕುವಾಗ ಎರಡೂ ಕಡೆಯ ಬಾಣದ ಗುರುತು ಎದುರುಬದುರು ಬರಬೇಕು.

ಒಳಗೆ ಟಾರ್ಚ್ ಬಿಟ್ಟು ನೋಡಿ. ಪಿನ್ ಬಾಗಿದೆಯಾ, ಒಳಗೆ ಹೋಗಿದೆಯಾ, ನೀರಿದೆಯಾ, ಹಸಿರು ಕಿಲುಬು ಹಿಡಿದಿದೆಯಾ. ಇದ್ದರೆ ಫೋಟೋ ಹಾಕಿ.

ಎಲ್ಲ ಒಣಗಿದೆ ಅನ್ನಿಸಿದರೆ ಬ್ಯಾಟರಿ ಹಾಕಿ, ಮೀಟರ್ ಡಿಸಿ 200ಕ್ಕೆ ಇಟ್ಟು, ಗಾಡಿಯ ಕಡೆಯ ಪ್ಲಗ್‌ನಲ್ಲಿ ಕೆಂಪು-ಕಪ್ಪು ನಡುವೆ ಅಳೆಯಿರಿ. 30ರಿಂದ 42ರ ಒಳಗೆ ಬರಬೇಕು. ಮೀಟರಿನ ಮೊನೆ ದಪ್ಪ ಇದ್ದು ಎರಡು ಪಿನ್ ಒಟ್ಟಿಗೆ ಮುಟ್ಟುವ ಹಾಗಿದ್ದರೆ ಅಳೆಯುವುದೇ ಬೇಡ. ನಿಮ್ಮ ಪರದೆ ಉರಿಯುತ್ತಿದೆ ಅಂದ ಮೇಲೆ ಆ ಎರಡು ವೈರ್ ಸರಿಯೇ ಇರುತ್ತವೆ.

ಐಟಿಐ ಮಾಸ್ತರ, ಸೋಮವಾರ ಮಧ್ಯಾಹ್ನ 3:00

ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೆಂಪು ಅಂದರೆ ಬ್ಯಾಟರಿಯಿಂದ ಬರುವ ಪ್ಲಸ್. ಕಪ್ಪು ಮೈನಸ್. ನೀವು ಬಟನ್ ಒತ್ತಿದಾಗ ಡಿಸ್ಪ್ಲೇ ತನ್ನೊಳಗೆ ಕೆಂಪನ್ನು ನೀಲಿಗೆ ಸೇರಿಸುತ್ತದೆ. ಆ ನೀಲಿ ವಾಪಸ್ ಹೋಗಿ ಕಂಟ್ರೋಲರನ್ನು ಎಬ್ಬಿಸುತ್ತದೆ. ಹಸಿರು, ಹಳದಿ ಒಂದು ಕೇಳುವುದಕ್ಕೆ, ಒಂದು ಹೇಳುವುದಕ್ಕೆ.

ಈಗ ಯೋಚಿಸಿ. ಹಸಿರು ಅಥವಾ ಹಳದಿ ತುಂಡಾದರೆ 30 ಬರುತ್ತದೆ. ಆದರೆ ನೀಲಿ ತುಂಡಾದರೂ 30 ಬರುತ್ತದೆ. ಪರದೆ ಉರಿಯುತ್ತಿರುತ್ತದೆ, ಕಂಟ್ರೋಲರ್ ಮಲಗಿರುತ್ತದೆ, ಮಲಗಿದವನು ಉತ್ತರ ಕೊಡುವುದಿಲ್ಲ. ಹಾಗಾಗಿ ಸಂಶಯ ಮೂರು ವೈರಿನ ಮೇಲೆ. ಬಣ್ಣ ಮಾತ್ರ ಕಣ್ಣು ಮುಚ್ಚಿ ನಂಬಬೇಡಿ, ಕೆಲವು ಗಾಡಿಗಳಲ್ಲಿ ಬೇರೆ ಇರುತ್ತದೆ.

ಕಂಟ್ರೋಲರ್ ಡಬ್ಬಿ ತೆಗೆಯಲು ಬಂದರೆ ವೈರಿನ ಎರಡೂ ತುದಿ ಸಿಗುತ್ತವೆ. ಬ್ಯಾಟರಿ ತೆಗೆದಿಟ್ಟು, ಆ ತುದಿಯ ಪ್ಲಗ್‌ನೂ ಬಿಚ್ಚಿ, ಮೀಟರ್ ಬೀಪ್‌ಗೆ ಇಟ್ಟು (ವೈರ್ ತುಂಡಾಗದಿದ್ದರೆ ಸದ್ದು ಬರುತ್ತದೆ) ಒಂದೊಂದೇ ವೈರ್ ನೋಡಿ. ರಂಧ್ರಕ್ಕೆ ಮೊನೆ ಹೋಗದಿದ್ದರೆ ಹೊಲಿಗೆ ಸೂಜಿ ಇಟ್ಟುಕೊಳ್ಳಿ. ಬ್ಯಾಟರಿ ಹೊರಗೆ ಇದ್ದಾಗ ಮಾತ್ರ ಸೂಜಿ.

ಸಂಡೂರು ಹಾದಿ (ಬಳ್ಳಾರಿ), ಸೋಮವಾರ ಸಂಜೆ 6:15

ಎಲ್ಲರದೂ ವೈರ್ ಅಂತ ಆಗಬಾರದು ಅಂತ ನನ್ನದು ಹೇಳುತ್ತೇನೆ. ನನ್ನ ಡಿಸ್ಪ್ಲೇ ನಿಜವಾಗಿ ಸತ್ತಿತ್ತು.

ನಮ್ಮ ರಸ್ತೆ ಗೊತ್ತಲ್ಲ. ಅದಿರಿನ ಲಾರಿ ಹೋದರೆ ಕೆಂಪು ಧೂಳು ಹಲ್ಲಿನ ಸಂದಿಗೂ ಹೋಗುತ್ತದೆ. ಆ ಧೂಳು ಬಟನ್ ರಬ್ಬರ್ ಅಂಚಿನಲ್ಲಿ ಕೂತು ಕೂತು ರಬ್ಬರ್ ಹರಿಯಿತು. ಮೊದಲ ಮಳೆಗೆ ನೀರು ಒಳಗೆ. ಗಾಜಿನ ಒಳಗಡೆ ಆವಿ ಕಟ್ಟಿತು. ನಾನು ಹಾಗೇ ಒಂದು ತಿಂಗಳು ಓಡಿಸಿದೆ, ಅದೇ ತಪ್ಪು. ಬಿಚ್ಚಿದಾಗ ಬೋರ್ಡ್ ಮೇಲೆ ಹಸಿರು ಕಿಲುಬು. ಮೊಬೈಲ್ ರಿಪೇರಿ ಅಂಗಡಿಯಿಂದ ಐಸೊಪ್ರೊಪೈಲ್ ಆಲ್ಕೋಹಾಲ್ (ಬೋರ್ಡ್ ತೊಳೆಯುವ ದ್ರವ) ತಂದು ಹಳೇ ಬ್ರಷ್‌ನಲ್ಲಿ ಉಜ್ಜಿದೆ. ಎರಡು ವಾರ ಬದುಕಿತು, ಆಮೇಲೆ ಪೂರ್ತಿ ಕತ್ತಲು. ಕೆಂಪು-ಕಪ್ಪಿನಲ್ಲಿ 39 ವೋಲ್ಟ್ ಬರುತ್ತಿತ್ತು, ಬಟನ್ ಒತ್ತಿದರೆ ಪರದೆ ಉರಿಯುತ್ತಿರಲಿಲ್ಲ. ಆಗ ಖಾತ್ರಿಯಾಯಿತು.

ಹೊಸದು ತರಿಸುವಾಗ ಇನ್ನೊಂದು ತಪ್ಪು. ಐದು ಪಿನ್, ಅದೇ ಹಸಿರು ಪ್ಲಗ್, ಫೋಟೋದಲ್ಲಿ ಅದೇ ಥರ ಇತ್ತು. ತರಿಸಿದೆ. ಪ್ಲಗ್ ಸರಿಯಾಗಿ ಕೂತಿತು, ಪರದೆ ಉರಿಯಿತು, ಮಾತು ಮಾತ್ರ ಆಡಲಿಲ್ಲ. ಎರಡರ ಭಾಷೆ ಬೇರೆ! ಪ್ಲಗ್ ಹೊಂದಿದರೆ ಸಾಲದು, ಕಂಟ್ರೋಲರ್ ಮೇಲಿನ ಅಂಟುಚೀಟಿ ಓದಿ, ಅದೇ ಪ್ರೋಟೋಕಾಲ್‌ನ ಡಿಸ್ಪ್ಲೇ ತರಬೇಕು. ವಾಪಸ್ ಕಳಿಸಿ ಸರಿಯಾದದ್ದು ತರಿಸಿದೆ.

ಈಗ ಒಂದು ತೊಂದರೆ ಉಳಿದಿದೆ. ಹೊಸ ಡಿಸ್ಪ್ಲೇ ಹಾಕಿದ ಮೇಲೆ 25 ತೋರಿಸಿದ ತಕ್ಷಣ ಮೋಟರ್ ಬಿಟ್ಟುಬಿಡುತ್ತದೆ, ಆದರೆ ಸೈಕಲ್ ಅಷ್ಟು ಜೋರಾಗಿ ಹೋಗುತ್ತಿಲ್ಲ ಅನ್ನಿಸುತ್ತದೆ. ಫೋನಿನ ಜಿಪಿಎಸ್‌ನಲ್ಲಿ 19 ಬರುತ್ತದೆ.

ಐಟಿಐ ಮಾಸ್ತರ, ಸೋಮವಾರ ಸಂಜೆ 6:40

ನಿಮ್ಮ ಗಾಲಿ 20 ಇಂಚಿನದಾ? ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ 26 ಇರಬೇಕು ನೋಡಿ. ಗಾಲಿ ಒಂದು ಸುತ್ತು ತಿರುಗಿದರೆ ಅದು 26 ಇಂಚಿನ ಲೆಕ್ಕ ಹಿಡಿಯುತ್ತದೆ. 25ನ್ನು 26ರಿಂದ ಭಾಗಿಸಿ 20ರಿಂದ ಗುಣಿಸಿದರೆ 19 ಚಿಲ್ಲರೆ. ನಿಮ್ಮ ಜಿಪಿಎಸ್ ಲೆಕ್ಕ ಸರಿಯಾಗಿ ಕೂಡುತ್ತದೆ.

ಸಂಡೂರು ಹಾದಿ, ಸೋಮವಾರ ರಾತ್ರಿ 7:05

ಹೌದು ಸರ್, ನನ್ನದು ಮಡಚುವ ಸೈಕಲ್, 20 ಇಂಚು. ಡಿಸ್ಪ್ಲೇಯಲ್ಲಿ 26 ಇತ್ತು. ಬದಲಿಸಿದೆ, ಈಗ ಎರಡೂ ಒಂದೇ ತೋರಿಸುತ್ತಿವೆ. ಅದೇ ಮೆನುವಿನಲ್ಲಿ ವೇಗದ ಮಿತಿಯನ್ನೂ 40ರವರೆಗೆ ಏರಿಸಬಹುದು ಅಂತ ಕಾಣುತ್ತಿದೆ. ಏರಿಸಲಾ?

ಕೌಲ್ ಬಜಾರ್ ವೈರಿಂಗ್, ಸೋಮವಾರ ರಾತ್ರಿ 7:20

ಬೇಡ ಅಣ್ಣ. ನಮ್ಮಲ್ಲಿ 250 ವ್ಯಾಟ್ ಒಳಗೆ, ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಮಾತ್ರ ನೋಂದಣಿ, ಲೈಸೆನ್ಸ್ ಇಲ್ಲದೆ ಓಡಿಸಬಹುದು. ಅದನ್ನು ದಾಟಿದರೆ ಅದು ಸೈಕಲ್ ಅಲ್ಲ, ಮೋಟಾರು ವಾಹನ. ಅದಿರು ಲಾರಿಗಳ ನಡುವೆ ಸೈಕಲ್ ಬ್ರೇಕ್ ನಂಬಿಕೊಂಡು 40ರಲ್ಲಿ ಹೋಗುವುದು ನನಗಂತೂ ಭಯ.

ಬಿಸಿಲೂರು ಸವಾರ, ಸೋಮವಾರ ರಾತ್ರಿ 10:30

ಮೀಟರ್ ಬಂತು. ಎಂಟರಿಂದ ಕೂತಿದ್ದೇನೆ. ಮಗಳು ಟಾರ್ಚ್ ಹಿಡಿದಿದ್ದಾಳೆ.

ಪ್ಲಗ್ ಒಳಗೆ ಒಣಗಿದೆ, ಪಿನ್ ನೇರ ಇವೆ, ಕಿಲುಬು ಇಲ್ಲ. ಕೆಂಪು-ಕಪ್ಪು 38.9 ವೋಲ್ಟ್. ಆಮೇಲೆ ಬ್ಯಾಟರಿ ತೆಗೆದು ಕಂಟ್ರೋಲರ್ ಡಬ್ಬಿ ಬಿಚ್ಚಿದೆ. ಬೀಪ್ ಇಟ್ಟು ನೋಡಿದೆ. ಕೆಂಪು ಬೀಪ್. ಕಪ್ಪು ಬೀಪ್. ನೀಲಿ ಬೀಪ್. ಹಳದಿ ಬೀಪ್. ಹಸಿರು ಸುಮ್ನೆ ಇದೆ! ಮೂರು ಸಲ ನೋಡಿದೆ, ಮೂರು ಸಲವೂ ಇಲ್ಲ.

ಕೌಲ್ ಬಜಾರ್ ವೈರಿಂಗ್, ಸೋಮವಾರ ರಾತ್ರಿ 10:36

ಸಿಕ್ಕಿತು! ಈಗ ಮೀಟರ್ ಹಸಿರಿನ ಎರಡು ತುದಿಗೆ ಹಾಗೇ ಹಿಡಿದಿರಿ. ಮಗಳಿಗೆ ಹೇಳಿ, ವೈರನ್ನು ಒಂದು ತುದಿಯಿಂದ ಗೇಣು ಗೇಣಾಗಿ ಮೆಲ್ಲಗೆ ಬಗ್ಗಿಸುತ್ತಾ ಬರಲಿ. ಹ್ಯಾಂಡಲ್ ಕತ್ತಿನ ಹತ್ತಿರ ಕೇಬಲ್ ಟೈ ಇದ್ದರೆ ಅಲ್ಲಿ ನಿಧಾನ. ಬೀಪ್ ಬಂದು ಹೋದ ಜಾಗದಲ್ಲೇ ತುಂಡಾಗಿದೆ.

ಬಿಸಿಲೂರು ಸವಾರ, ಸೋಮವಾರ ರಾತ್ರಿ 10:58

ಕೇಬಲ್ ಟೈ ಕೆಳಗೇ. ಒಂದು ಅಂಗುಲವೂ ಆಚೀಚೆ ಇಲ್ಲ. ಟೈ ಎಷ್ಟು ಬಿಗಿಯಾಗಿತ್ತು ಅಂದರೆ ಹೊರಗಿನ ಕಪ್ಪು ಹೊದಿಕೆಯಲ್ಲಿ ಗೆರೆ ಬಿದ್ದಿದೆ. ಅಲ್ಲಿ ಒತ್ತಿದರೆ ಬೀಪ್, ಬಿಟ್ಟರೆ ಇಲ್ಲ. ಹೊರಗಿನಿಂದ ನೋಡಿದರೆ ವೈರ್ ಚೆನ್ನಾಗೇ ಕಾಣುತ್ತದೆ.

ಈಗ ನೆನಪಾಯಿತು. ವಾಟರ್ ವಾಶ್‌ನಲ್ಲಿ ಹುಡುಗ ಸೈಕಲನ್ನು ತಲೆಕೆಳಗು ಮಾಡಿ ಹ್ಯಾಂಡಲ್ ಮೇಲೆ ನಿಲ್ಲಿಸಿದ್ದ. ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿತ್ತು. ವೈರ್ ಜಗ್ಗಿರಬೇಕು.

ಐಟಿಐ ಮಾಸ್ತರ, ಮಂಗಳವಾರ ಬೆಳಿಗ್ಗೆ 6:30

ಎರಡು ವರ್ಷ ಹ್ಯಾಂಡಲ್ ತಿರುಗಿ ತಿರುಗಿ ಒಳಗಿನ ತಾಮ್ರದ ಎಳೆಗಳು ಒಂದೊಂದೇ ಕಡಿದಿರುತ್ತವೆ. ಉಳಿದ ಒಂದೆರಡು ಎಳೆ ಆ ದಿನ ಹೋದವು. ನೀರಿನ ಕೆಲಸ ಅಲ್ಲ ಇದು.

ಜೋಡಿಸುವಾಗ ಹೊರ ಹೊದಿಕೆಯನ್ನು ಉದ್ದಕ್ಕೆ ಸೀಳಿ, ಐದೂ ವೈರ್ ನೋಡಿ. ಹಸಿರು ಕಡಿದ ಜಾಗದಲ್ಲಿ ಉಳಿದವೂ ಸೋತಿರಬಹುದು. ಎಳೆದರೆ ಹಿಗ್ಗುವ ವೈರ್ ಇದ್ದರೆ ಅದನ್ನೂ ಕತ್ತರಿಸಿ ಜೋಡಿಸಿ. ಮೊದಲು ಹೀಟ್ ಶ್ರಿಂಕ್ ಕೊಳವೆ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ವೈರಿಗೆ ತೂರಿಸಿ, ಆಮೇಲೆ ಸೋಲ್ಡರ್. ಬರೀ ಹೊಸೆದು ಟೇಪ್ ಸುತ್ತಬೇಡಿ. ರಾಯಚೂರಿನ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಒಂದಕ್ಕಿಂತ ಜಾಸ್ತಿ ಜೋಡಣೆ ಇದ್ದರೆ ಎಲ್ಲ ಒಂದೇ ಜಾಗದಲ್ಲಿ ಬರದ ಹಾಗೆ ಹಿಂದೆ ಮುಂದೆ ಮಾಡಿ. ಗಂಟೂ ದಪ್ಪ ಆಗುವುದಿಲ್ಲ, ಒಂದಕ್ಕೊಂದು ತಾಗುವುದೂ ಇಲ್ಲ.

ಬಿಸಿಲೂರು ಸವಾರ, ಬುಧವಾರ ರಾತ್ರಿ 8:45

ನಿನ್ನೆ ಅಂಗಡಿ ಮುಗಿಸಿ ಪಕ್ಕದ ಮನೆಯವರ ಜೊತೆ ಕೂತು ಮಾಡಿದೆವು. ಹಸಿರು ಪೂರ್ತಿ ಕಡಿದಿತ್ತು, ಹಳದಿ ಎರಡೇ ಎಳೆಯ ಮೇಲೆ ನಿಂತಿತ್ತು. ಎರಡನ್ನೂ ಜೋಡಿಸಿದೆವು. ಸೋಲ್ಡರ್ ಅವರೇ ಹಾಕಿದರು, ದುಡ್ಡು ತೆಗೆದುಕೊಳ್ಳಲಿಲ್ಲ. ಕೊಳವೆಗೆ ಮಾತ್ರ 20 ರೂಪಾಯಿ ಆಯಿತು.

ಬ್ಯಾಟರಿ ಹಾಕಿ ಬಟನ್ ಒತ್ತುವಾಗ ಕೈ ನಡುಗುತ್ತಿತ್ತು. 30 ಬರಲಿಲ್ಲ. ಹಿಂದಿನ ಗಾಲಿ ಎತ್ತಿ ಪೆಡಲ್ ತಿರುಗಿಸಿದೆ, ಮೋಟರ್ ಸದ್ದು ಕೇಳಿ ಮಗಳು ಕುಣಿದಳು. ಇವತ್ತು ಅಂಗಡಿಗೆ ಹೋಗಿ ಬಂದೆ, ಒಂದು ಸಲವೂ ಮಿನುಗಲಿಲ್ಲ. ಡಿಸ್ಪ್ಲೇಗೆ ಹೆಂಡತಿ ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಟೋಪಿ ಹೊಲಿದಿದ್ದಾಳೆ. ಮಧ್ಯಾಹ್ನ ಎರಡಕ್ಕೆ ತೆಗೆದು ನೋಡಿದೆ. ಸ್ವಲ್ಪ ಮಬ್ಬಿತ್ತು, ಆದರೆ ಅಂಕಿ ಕಾಣುತ್ತಿದ್ದವು.

ಒಂದೇ ಸಂಶಯ ಉಳಿದಿದೆ. ರೈಲ್ವೆ ಸೇತುವೆ ಏರು ಹತ್ತುವಾಗ ಬ್ಯಾಟರಿ ಎರಡು ಗೆರೆ ಇಳಿದು, ಮೇಲೆ ಹೋದ ಮೇಲೆ ವಾಪಸ್ ಬರುತ್ತದೆ. ಇದೂ ವೈರಾ?

ಐಟಿಐ ಮಾಸ್ತರ, ಬುಧವಾರ ರಾತ್ರಿ 9:10

ಬಹಳ ಸಂತೋಷ ಆಯಿತು. ಅದು ವೈರ್ ಅಲ್ಲ. ಏರಿನಲ್ಲಿ ಮೋಟರ್ ಜಾಸ್ತಿ ಕರೆಂಟ್ ಎಳೆದಾಗ ಬ್ಯಾಟರಿ ವೋಲ್ಟೇಜ್ ತಾತ್ಕಾಲಿಕವಾಗಿ ಕುಗ್ಗುತ್ತದೆ, ಗೆರೆಗಳು ಅದನ್ನೇ ತೋರಿಸುತ್ತವೆ. 36 ವೋಲ್ಟ್ ಬ್ಯಾಟರಿಯಲ್ಲಿ ಹತ್ತು ಸೆಲ್ ಸಾಲಾಗಿ ಇರುತ್ತವೆ. ಒಂದೊಂದು ಸೆಲ್ 3 ವೋಲ್ಟ್ ಹತ್ತಿರ ಇಳಿದಾಗ, ಅಂದರೆ ಒಟ್ಟು 30-31ರ ಹೊತ್ತಿಗೆ, ಗಾಡಿ ತಾನೇ ನಿಲ್ಲುತ್ತದೆ. ಎರಡು ಗೆರೆ ಇಳಿದು ವಾಪಸ್ ಬರುವುದು ಎರಡು ವರ್ಷದ ಬ್ಯಾಟರಿಗೆ ಸಹಜ. ಫುಲ್ ಚಾರ್ಜ್ ಇದ್ದೂ ಏರಿನಲ್ಲಿ ಡಿಸ್ಪ್ಲೇ ಪೂರ್ತಿ ಆರಿದರೆ ಆಗ ಹೇಳಿ. ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಮನೆ ಒಳಗೆ ನೆರಳಲ್ಲಿ ಒಂದು ಗಂಟೆ ಆರಲಿ.

ಕೌಲ್ ಬಜಾರ್ ವೈರಿಂಗ್, ಬುಧವಾರ ರಾತ್ರಿ 9:25

ಹೊಸ ಕೇಬಲ್ ಟೈ ಹಾಕಿದಿರಾ? ಹಾಕುವ ಮುಂಚೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಎರಡೂ ಕಡೆ ವೈರ್ ಸಡಿಲ ಇರಬೇಕು. ಟೈ ಒಳಗೆ ವೈರ್ ಜಾರುವಷ್ಟು ಬಿಡಿ. ಪ್ಲಗ್‌ನ ಹತ್ತಿರ ವೈರ್ ಸ್ವಲ್ಪ ಕೆಳಗೆ ಜೋತು ಬಿದ್ದು ಮೇಲೆ ಹೋಗಲಿ. ಮಳೆ ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಪ್ಲಗ್ ಒಳಗೆ ಇಳಿಯುವುದಿಲ್ಲ. ತೊಳೆಯುವುದು ಇನ್ನು ಬಕೆಟ್, ಬಟ್ಟೆಯಲ್ಲೇ ಆಗಲಿ.

ಗಂಗಾವತಿ ಗದ್ದೆ, ಬುಧವಾರ ರಾತ್ರಿ 9:40

ಅಣ್ಣ, ನನ್ನ ಮಾತು ಕೇಳಿ ಕೆಂಪು-ನೀಲಿ ಸೇರಿಸದೇ ಇದ್ದದ್ದು ಒಳ್ಳೆಯದಾಯಿತು. ಈಗ ನನ್ನ ಗಾಡಿಯ ಟೈ ನೋಡಿದೆ, ಅದೂ ಬಿಗಿಯಾಗೇ ಇತ್ತು. ಕತ್ತರಿಸಿ ಸಡಿಲ ಹಾಕಿದೆ.

ಬಿಸಿಲೂರು ಸವಾರ, ಗುರುವಾರ ಬೆಳಿಗ್ಗೆ 7:15

ಟೈ ಹಾಕಿದೆ, ಬೆರಳು ತೂರುವಷ್ಟು ಸಡಿಲ. ಎಡ, ಬಲ ಪೂರ್ತಿ ತಿರುಗಿಸಿ ನೋಡಿದೆ, ಜಗ್ಗುವುದಿಲ್ಲ. ಫೋಟೋ ಕೆಳಗೆ ಹಾಕಿದ್ದೇನೆ. ಬಾಗು ಸಾಕಾ ಅಂತ ಬಳ್ಳಾರಿ ಅಣ್ಣ ಒಮ್ಮೆ ನೋಡಿ ಹೇಳಿ. ಅಂಗಡಿಗೆ ಹೊರಟೆ.